ಮನೆ ಡೇಕೇರ್‌ನಲ್ಲಿ ಮಕ್ಕಳ ಚಪ್ಪಲಿ, ಶೂ ಮತ್ತು ಕಾಲಿನ ಶುಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ನಮ್ಮ ಮನೆಯ ಕೆಳಮಹಡಿಯಲ್ಲೇ ಡೇಕೇರ್ ನಡೆಸುತ್ತೇವೆ. ಅಂಬೆಗಾಲಿಡುವ ಕೂಸಿನಿಂದ ಯುಕೆಜಿ ಮಕ್ಕಳ ತನಕ ಬರುತ್ತಾರೆ. ಊಟ, ನಿದ್ದೆ ಬಿಟ್ಟರೆ ಮನೆಯವರು ಜಾಸ್ತಿ ಕೇಳುವುದು ಕಾಲಿನ ಬಗ್ಗೆಯೇ. ನಮ್ಮ ನಿಯಮ ಚಿಕ್ಕದು: ಒಳಗೆ ಬರಿಗಾಲು, ಹೊರಗೆ ಚಪ್ಪಲಿ, ನಡುವೆ ನೀರು ಮತ್ತು ಒಣ ಬಟ್ಟೆ. ನೀರಿನ ವಿಷಯ ಎಲ್ಲರೂ ಕೇಳುತ್ತಾರೆ. ಒಣ ಬಟ್ಟೆಯ ವಿಷಯ ಯಾರೂ ಕೇಳುವುದಿಲ್ಲ. ಅದಕ್ಕೇ ಕೆಳಗೆ ಅದರ ಮಾತು ಸ್ವಲ್ಪ ಜಾಸ್ತಿ ಬರುತ್ತದೆ.

ಇಡೀ ದಿನ ಬರಿಗಾಲಲ್ಲಿ ಬಿಟ್ಟರೆ ಮಗುವಿಗೆ ಶೀತ ಆಗಲ್ವಾ?

ಇದು ಅಪ್ಪ-ಅಮ್ಮಂದಿರಿಗಿಂತ ಅಜ್ಜಿಯರ ಪ್ರಶ್ನೆ. ನೆಗಡಿ ಬರುವುದು ವೈರಸ್‌ನಿಂದ. ಒಂದು ಮಗು ಮೂಗು ಒರೆಸಿಕೊಂಡ ಕೈಯಲ್ಲಿ ಆಟಿಕೆ ಹಿಡಿಯುತ್ತದೆ, ಅದೇ ಆಟಿಕೆ ಇನ್ನೊಂದು ಮಗುವಿನ ಬಾಯಿಗೆ ಹೋಗುತ್ತದೆ. ನೆಗಡಿ ದಾಟುವುದು ಹಾಗೆ. ನೆಲ ತಣ್ಣಗಿದ್ದರೆ ಮಗುವಿಗೆ ಹಿತ ಅನ್ನಿಸದೇ ಇರಬಹುದು, ಆದರೆ ನೆಗಡಿ ಅಂಗಾಲಿನಿಂದ ಮೇಲೇರುವುದಿಲ್ಲ.

ಬರಿಗಾಲೇ ಇರಲಿ ಅನ್ನುವುದಕ್ಕೆ ಕಾರಣ ಇದೆ. ನಡೆಯಲು ಕಲಿಯುವ ಮಗು ಕಾಲ್ಬೆರಳನ್ನು ನೆಲಕ್ಕೆ ಒತ್ತಿ ಹಿಡಿದು ಮೈ ತೂಕ ಸರಿಮಾಡಿಕೊಳ್ಳುತ್ತದೆ. ಚಾಪೆ ಎಲ್ಲಿ ಮುಗಿಯಿತು, ಟೈಲ್ಸ್ ಎಲ್ಲಿ ಶುರುವಾಯಿತು, ಎಲ್ಲಿ ಒದ್ದೆಯಿದೆ ಅನ್ನುವುದು ಅದಕ್ಕೆ ತಿಳಿಯುವುದು ಅಂಗಾಲಿನಿಂದ. ದಪ್ಪ ಸೋಲ್ ಇದ್ದರೆ ಇದ್ಯಾವುದೂ ತಿಳಿಯುವುದಿಲ್ಲ.

ಡಿಸೆಂಬರ್, ಜನವರಿಯ ಬೆಳಿಗ್ಗೆ ಗ್ರಾನೈಟ್ ನೆಲ ಕೊರೆಯುವುದು ನಿಜ. ಆಗ ಆಡುವ ಜಾಗಕ್ಕೆ ಜಮಖಾನ ಹಾಸುತ್ತೇವೆ. ಸಾಕ್ಸ್ ಕಳಿಸುವುದಾದರೆ ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವಂಥದ್ದೇ ಕಳಿಸಿ. ಸಾದಾ ಸಾಕ್ಸ್‌ನಲ್ಲಿ ಟೈಲ್ಸ್ ಮೇಲೆ ಓಡಿದ ಮಗು ಜಾರಿ ಹಿಂದಕ್ಕೆ ಬೀಳುತ್ತದೆ. ಪೆಟ್ಟು ಬೀಳುವುದು ತಲೆಗೆ.

ಒಳಗೆ ಹಾಕಿಕೊಳ್ಳೋಕೆ ಬೇರೆ ಚಪ್ಪಲಿ ಕಳಿಸಬಹುದಾ?

ಬೇಡ. ಡಾಕ್ಟರು ಹೇಳಿದ್ದರೆ ಮಾತ್ರ ಕಳಿಸಿ. ಹುಟ್ಟಿದಾಗಿನಿಂದ ಸೊಟ್ಟಪಾದ ಇದ್ದು ಚಿಕಿತ್ಸೆ ಪಡೆದ ಮಕ್ಕಳಿಗೆ ನಿದ್ದೆಯ ಹೊತ್ತಿಗೆ ಬ್ರೇಸ್ (ಪಾದ ಮತ್ತೆ ಸೊಟ್ಟಗಾಗದಂತೆ ಹಿಡಿದಿಡುವ ವಿಶೇಷ ಶೂ) ಹಾಕಬೇಕಾಗುತ್ತದೆ. ಹೇಗೆ ಹಾಕುವುದು ಅಂತ ಒಮ್ಮೆ ಬಂದು ತೋರಿಸಿಕೊಡಿ. ಮಗು ಅತ್ತಿತು ಅಂತ ನಾವು ಅದನ್ನು ಬಿಚ್ಚುವುದಿಲ್ಲ.

ಇನ್ನೂ ನಡೆಯದ ಮಗುವಿಗೆ ಶೂ ಬೇಕಾ?

ಬೇಡ. ಫೋಟೋಗೆ ಚೆನ್ನಾಗಿರುತ್ತದೆ, ಅಷ್ಟೇ. ಶೂ ಹಾಕಿದ ಮಾತ್ರಕ್ಕೆ ಮಗು ಬೇಗ ನಡೆಯುವುದಿಲ್ಲ. ಹೊರಗೆ ಒಂಟಿಯಾಗಿ ಹೆಜ್ಜೆ ಇಡಲು ಶುರುಮಾಡಿದ ಮೇಲೆ ಮೊದಲ ಜೊತೆ ಕೊಳ್ಳಿ.

ನಮ್ಮ ಮಗುವಿನ ಪಾದ ಚಪ್ಪಟೆ ಇದೆ. ಗಟ್ಟಿ ಶೂ ಹಾಕಿದರೆ ಸರಿಹೋಗುತ್ತಾ?

ಎರಡು-ಮೂರು ವರ್ಷದ ಮಕ್ಕಳ ಪಾದ ಬಹುತೇಕ ಚಪ್ಪಟೆಯಾಗಿಯೇ ಕಾಣುತ್ತದೆ. ಅಂಗಾಲಿನ ಒಳಬದಿಯಲ್ಲಿ ಕೊಬ್ಬು ತುಂಬಿರುತ್ತದೆ, ಕೀಲುಗಳೂ ಸಡಿಲ. ಅಂಗಾಲಿನ ಒಳಬದಿಯ ಬಾಗು, ಅಂದರೆ ಕಮಾನು, ಮೂಡುವುದು ನಿಧಾನವಾಗಿ, ಐದಾರು ವರ್ಷದ ಹೊತ್ತಿಗೆ. ಕೆಲವರಿಗೆ ಇನ್ನೂ ತಡವಾಗಿ.

ಈ ವಿಷಯದಲ್ಲಿ ಪ್ರಪಂಚದಾದ್ಯಂತ ವೈದ್ಯರು ಉಲ್ಲೇಖಿಸುವ ಒಂದು ಅಧ್ಯಯನ ನಮ್ಮ ಮಣಿಪಾಲದ್ದು. ಅಲ್ಲಿನ ಮೂಳೆ ವೈದ್ಯರಾದ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆ ಗುರುತು ತೆಗೆದು ನೋಡಿದರು. ಅದು 1992ರಲ್ಲಿ ಪ್ರಕಟವಾಯಿತು. ಚಪ್ಪಲಿ, ಶೂ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6ರಷ್ಟು ಜನರಿಗೆ ಚಪ್ಪಟೆ ಪಾದ ಇತ್ತು. ಬರಿಗಾಲಲ್ಲಿ ಓಡಾಡುವ ಮಕ್ಕಳಲ್ಲಿ ಅದು 2.8 ಮಾತ್ರ. ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಜಾಸ್ತಿ, ಸ್ಯಾಂಡಲ್, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಶೂ ಒಂದೇ ಕಾರಣ ಅಂತ ಇದರಿಂದ ತೀರ್ಮಾನಿಸಲು ಬರುವುದಿಲ್ಲ. ಆದರೆ ಗಟ್ಟಿ ಶೂ ಹಾಕಿಸಿ ಕಮಾನು ಮೂಡಿಸುತ್ತೇವೆ ಅನ್ನುವ ಅಂಗಡಿಯವರ ಮಾತನ್ನು ನಂಬಬೇಕಾಗಿಲ್ಲ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು.

ಮನೆಯಲ್ಲೇ ನೋಡುವುದಾದರೆ ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ. ಆಗ ಒಳಬದಿಯಲ್ಲಿ ಕಮಾನು ಕಂಡರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನೋವು, ಕುಂಟು, ಒಂದೇ ಕಾಲು ಬೇರೆ ಥರ ಇರುವುದು, ಪಾದ ಮಡಚಲು ಬಾರದಷ್ಟು ಬಿಗಿ ಇರುವುದು, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಿ.

ಹಾಗಾದರೆ ಎಂಥ ಚಪ್ಪಲಿ ಕಳಿಸಬೇಕು?

ಹಿಂದೆ ಹಿಮ್ಮಡಿಗೆ ಪಟ್ಟಿ ಇರುವ, ವೆಲ್ಕ್ರೋ ಹಾಕಿದ, ಹಗುರವಾದ ಸ್ಯಾಂಡಲ್. ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಬೆರಳುಗಳ ಬುಡ ಇರುವ ಜಾಗದಲ್ಲಿ ಸುಲಭವಾಗಿ ಮಡಚಬೇಕು. ಅಡಿ ಜಾರಬಾರದು, ಹಿಮ್ಮಡಿ ಎತ್ತರ ಇರಬಾರದು. ಹವಾಯಿ ಚಪ್ಪಲಿ ಬೇಡ. ಅದು ಕಳಚಿಹೋಗದಂತೆ ಮಗು ಬೆರಳು ಬಿಗಿಹಿಡಿದು ನಡೆಯುತ್ತದೆ, ಓಡುವಾಗ ಎಡವುತ್ತದೆ. ಲೇಸ್ ಶೂ ಕೂಡ ಬೇಡ. ಪಾರ್ಕಿಗೆ ಹೊರಟ ಮಕ್ಕಳ ಲೇಸ್ ಕಟ್ಟುತ್ತಾ ಕೂತರೆ ಮೊದಲು ಕಟ್ಟಿಸಿಕೊಂಡ ಮಗು ಗೇಟಿನ ಹತ್ತಿರ ಇರುತ್ತದೆ!

ಪೀಂ ಪೀಂ ಅನ್ನುವ ಶೂ ಬಗ್ಗೆ ಒಂದು ಮಾತು. ಮಧ್ಯಾಹ್ನ ಬೇರೆ ಮಕ್ಕಳು ಮಲಗಿರುತ್ತಾರೆ ಅನ್ನುವುದು ನಮ್ಮ ಸ್ವಾರ್ಥ. ಅದಕ್ಕಿಂತ ದೊಡ್ಡ ಕಾರಣ, ಒಳಗಿನ ಪೀಪಿ ಸಡಿಲವಾಗಿ ಹೊರಬಂದರೆ ಅದು ಸೀದಾ ಬಾಯಿಗೆ ಹೋಗುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು. ಲೈಟ್ ಹೊಳೆಯುವ ಶೂ ಇನ್ನೂ ಅಪಾಯ. ಅದರ ಸೋಲ್ ಒಳಗೆ ಬ್ಯಾಟರಿ ಇರುತ್ತದೆ, ಎಷ್ಟೋ ಶೂಗಳಲ್ಲಿ ಗುಂಡಿ ಆಕಾರದ್ದು. ಗುಂಡಿ ಬ್ಯಾಟರಿ ನುಂಗಿ ಅನ್ನನಾಳದಲ್ಲಿ ಸಿಕ್ಕಿದರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಸೋಲ್ ಬಿರುಕು ಬಿಟ್ಟ ಲೈಟ್ ಶೂವನ್ನು ನಾವು ಮಗುವಿನ ಕಾಲಿಗೆ ಹಾಕುವುದಿಲ್ಲ, ಚೀಲದಲ್ಲಿ ಹಾಕಿ ವಾಪಸ್ ಕೊಡುತ್ತೇವೆ.

ರಬ್ಬರಿನಂಥ ಮೆತ್ತನೆ ಕ್ಲಾಗ್ (ಕ್ರಾಕ್ಸ್ ಥರದ್ದು) ಪಾರ್ಕಿಗೆ ಪರವಾಗಿಲ್ಲ. ಆದರೆ ಸಂಜೆ ನಮ್ಮಲ್ಲಿಂದ ಮೆಟ್ರೋದಲ್ಲಿ ಮನೆಗೆ ಹೋಗುವವರು ಎಸ್ಕಲೇಟರ್‌ನಲ್ಲಿ ಹುಷಾರು. ಪಕ್ಕದ ಸಂದಿಗೆ ಅದು ಸಿಕ್ಕಿ ಬೆರಳಿಗೆ ಪೆಟ್ಟಾಗುತ್ತದೆ. ಮಗುವನ್ನು ಎತ್ತಿಕೊಳ್ಳಿ, ಇಲ್ಲವೇ ನಡುವೆ ನಿಲ್ಲಿಸಿ ಕೈ ಹಿಡಿದುಕೊಳ್ಳಿ.

ಅಳತೆ ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಹಾಳೆಯ ಮೇಲೆ ಮಗುವನ್ನು ನಿಲ್ಲಿಸಿ. ಕೂರಿಸಿ ಅಳೆದರೆ ಅಳತೆ ತಪ್ಪುತ್ತದೆ, ತೂಕ ಬಿದ್ದಾಗ ಪಾದ ಉದ್ದವಾಗುತ್ತದೆ. ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆದು ದೊಡ್ಡ ಪಾದದ ಉದ್ದ ತೆಗೆದುಕೊಳ್ಳಿ. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ಅಂಗಡಿಗೆ ಸಂಜೆ ಹೋಗಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ.

ನಮ್ಮ ಅಂಗಡಿಗಳಲ್ಲಿ ಸಿಗುವ ಸೈಜ್ ಹೆಚ್ಚಿನವು ಬ್ರಿಟಿಷ್ ಲೆಕ್ಕದ್ದು. ಒಂದು ಸೈಜಿಗೂ ಇನ್ನೊಂದಕ್ಕೂ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಹಾಗಾಗಿ 'ಮುಂದಿನ ವರ್ಷಕ್ಕೂ ಆಗಲಿ' ಅಂತ ಎರಡು ಸೈಜ್ ದೊಡ್ಡದು ತಂದರೆ ಬೇಕಾದ ಅಳತೆಗಿಂತ ಒಂದೂವರೆ ಸೆಂಟಿಮೀಟರಿಗೂ ಜಾಸ್ತಿ ದೊಡ್ಡದಾಯಿತು. ಮಗು ಅದನ್ನು ಎಳೆದುಕೊಂಡು ನಡೆಯುತ್ತದೆ, ಮೆಟ್ಟಿಲಲ್ಲಿ ಮುಗ್ಗರಿಸುತ್ತದೆ. ಮೂರು ವರ್ಷದೊಳಗಿನವರಿಗೆ ಎರಡು-ಮೂರು ತಿಂಗಳಿಗೊಮ್ಮೆ ಅಳೆದು ನೋಡಿ. ಶೂ ಬಿಗಿಯಾದರೂ ಈ ವಯಸ್ಸಿನ ಮಕ್ಕಳು ಹೇಳುವುದಿಲ್ಲ. ಸಾಕ್ಸ್ ಬಿಚ್ಚಿದಾಗ ಬೆರಳಿನ ಮೇಲೆ ಕೆಂಪು ಗುರುತು ಕಂಡರೆ ನಾವೇ ನಿಮಗೆ ಹೇಳುತ್ತೇವೆ.

ಅಣ್ಣನ ಹಳೆ ಶೂ ತಮ್ಮನಿಗೆ ಹಾಕಬಹುದಾ?

ಮದುವೆಗೆ ಅಂತ ತಂದು ಎರಡು ಸಲ ಹಾಕಿದ್ದಾದರೆ ಧಾರಾಳವಾಗಿ. ಒಂದು ವರ್ಷ ಹಾಕಿ ಸವೆಸಿದ್ದಾದರೆ ಬೇಡ. ಅಣ್ಣನ ನಡಿಗೆಗೆ ತಕ್ಕಂತೆ ಸೋಲ್ ಒಂದು ಪಕ್ಕಕ್ಕೆ ಸವೆದಿರುತ್ತದೆ. ಅಣ್ಣನಿಗೆ ಬೆರಳ ಸಂದಿಯಲ್ಲಿ ಫಂಗಸ್ ಆಗಿದ್ದರಂತೂ ಮುಟ್ಟಬೇಡಿ.

ಬಂದ ತಕ್ಷಣ ಕಾಲು ತೊಳೆಸ್ತೀರಾ?

ಹೌದು. ಬೆಳಿಗ್ಗೆ ಬಂದಾಗ ಒಮ್ಮೆ, ಪಾರ್ಕಿನಿಂದ ವಾಪಸ್ ಬಂದಾಗ ಒಮ್ಮೆ. ಹೊರಗಿಂದ ಬಂದವರು ಕಾಲು ತೊಳೆದು ಒಳಗೆ ಬರುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ, ಅಲ್ವಾ? ಗೇಟಿನ ಪಕ್ಕದ ನಲ್ಲಿಯ ಹತ್ತಿರ ಮಕ್ಕಳಿಗೆ ಕೂರಲು ಪುಟ್ಟ ಕಟ್ಟೆ ಇದೆ. ನಿಂತುಕೊಂಡು ಒಂದು ಕಾಲು ಎತ್ತಿದರೆ ಜಾರುತ್ತಾರೆ, ಅದಕ್ಕೆ ಕೂರಿಸಿಯೇ ತೊಳೆಸುವುದು. ಚಳಿಗಾಲದಲ್ಲಿ ಬಿಸಿನೀರು ಬೆರೆಸುತ್ತೇವೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿದ ಮೇಲೆಯೇ ಮಗುವಿನ ಕಾಲಿಗೆ. ಗೀಸರ್ ನಲ್ಲಿಯ ಕೆಳಗೆ ಮಗುವಿನ ಕಾಲನ್ನು ನೇರವಾಗಿ ಹಿಡಿಯುವುದಿಲ್ಲ.

ಸೋಪು ಪ್ರತಿಸಲ ಬೇಕಿಲ್ಲ. ಕೆಸರು, ಎಣ್ಣೆ, ನಾಯಿ ಹೇಲು ಮೆಟ್ಟಿದ್ದರೆ ಮಾತ್ರ. ದಿನಕ್ಕೆ ನಾಲ್ಕು ಸಲ ಸೋಪು ಹಾಕಿದರೆ ಚರ್ಮ ಒಣಗಿ ಒಡೆಯುತ್ತದೆ. ಕ್ರಿಮಿನಾಶಕ ದ್ರಾವಣವನ್ನು ನೀರಿಗೆ ಸುರಿದು ತೊಳೆಯಿರಿ ಅಂತ ಕೆಲವರು ಬಾಟಲಿ ಕಳಿಸುತ್ತಾರೆ. ಅದು ಎಳೆ ಚರ್ಮಕ್ಕೆ ಉರಿ ತರುತ್ತದೆ, ವಾಪಸ್ ಕೊಡುತ್ತೇವೆ.

ಇನ್ನು ಒರೆಸುವುದು. ಕಾಲಿನ ತೊಂದರೆ ಬಹಳಷ್ಟು ಶುರುವಾಗುವುದು ಇಲ್ಲೇ. ನಾಲ್ಕನೇ ಮತ್ತು ಕಿರುಬೆರಳಿನ ನಡುವಿನ ಸಂದಿ ತುಂಬ ಇಕ್ಕಟ್ಟು. ಅಲ್ಲಿ ನೀರು ನಿಂತು, ಮೇಲೆ ಸಾಕ್ಸ್, ಅದರ ಮೇಲೆ ಶೂ ಬಂದರೆ ಫಂಗಸ್‌ಗೆ ಹೇಳಿ ಮಾಡಿಸಿದ ಜಾಗ. ಚರ್ಮ ಬೆಳ್ಳಗಾಗಿ, ಮೆತ್ತಗಾಗಿ ಒಡೆಯುತ್ತದೆ. ಟರ್ಕಿ ಟವೆಲ್ ದಪ್ಪ, ಆ ಸಂದಿಗೆ ಹೋಗುವುದಿಲ್ಲ. ಹಳೆ ಪಂಚೆಯ ತುಂಡು ಎಲ್ಲಕ್ಕಿಂತ ಒಳ್ಳೆಯದು. ಅಂಗೈ ಅಗಲದ ಎರಡು ತುಂಡನ್ನು ಹೆಸರು ಬರೆದು ಕಳಿಸಿ. ಒಬ್ಬರದ್ದು ಇನ್ನೊಬ್ಬರಿಗೆ ಬಳಸುವುದಿಲ್ಲ, ದಿನಾ ಒಗೆದು ಬಿಸಿಲಿಗೆ ಹಾಕುತ್ತೇವೆ.

ಪೌಡರ್ ಬೇಡ, ಹಾರಿದ ಪುಡಿ ಮಗುವಿನ ಮೂಗಿಗೆ ಹೋಗುತ್ತದೆ. ಕೊಬ್ಬರಿ ಎಣ್ಣೆಯನ್ನು ರಾತ್ರಿ ಮಲಗುವಾಗ ಹಿಮ್ಮಡಿಗೆ ಹಚ್ಚಿ. ಬೆಳಿಗ್ಗೆ ಅಂಗಾಲಿಗೆ ಹಚ್ಚಿ ಕಳಿಸಿದರೆ ನಮ್ಮ ಟೈಲ್ಸ್ ಮೇಲೆ ಜಾರುಬಂಡಿಯೇ.

ಮಳೆಗಾಲದಲ್ಲಿ ಒದ್ದೆ ಶೂ ಏನು ಮಾಡ್ತೀರಿ?

ಮಗುವಿನ ಕಾಲಿಗೆ ವಾಪಸ್ ಹಾಕುವುದಿಲ್ಲ. ಬ್ಯಾಗಿನಲ್ಲಿ ಯಾವಾಗಲೂ ಇನ್ನೊಂದು ಜೊತೆ ಚಪ್ಪಲಿ, ಎರಡು ಜೊತೆ ಸಾಕ್ಸ್ ಇರಲಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಸಂಜೆ ನೀವು ಮಗುವನ್ನು ಕರೆದುಕೊಂಡು ಹೋಗುವ ಹೊತ್ತಿಗೇ ಸುರಿಯುತ್ತದೆ. ಒದ್ದೆ ಶೂ ಒಳಗಿನ ಅಟ್ಟೆ ತೆಗೆದು, ಹಳೆ ಪೇಪರ್ ಉಂಡೆ ತುರುಕಿ, ಫ್ಯಾನ್ ಕೆಳಗೆ ಇಡುತ್ತೇವೆ. ಗಂಟೆಗೊಮ್ಮೆ ಪೇಪರ್ ಬದಲಿಸಿದರೆ ಬೇಗ ಒಣಗುತ್ತದೆ. ಗ್ಯಾಸ್ ಒಲೆ ಪಕ್ಕ ಇಟ್ಟರೆ ಸೋಲ್ ಅಂಟು ಬಿಟ್ಟುಕೊಳ್ಳುತ್ತದೆ.

ಗಮ್‌ಬೂಟ್ ಕಳಿಸಿದರೆ ಕೆಸರಲ್ಲಿ ಆಡಿಸಲು ಅನುಕೂಲ. ಆದರೆ ಒಳಗೆ ಗಾಳಿಯಾಡುವುದಿಲ್ಲ, ಆಟ ಮುಗಿದ ಕೂಡಲೇ ಬಿಚ್ಚಬೇಕು. ರಸ್ತೆಯಲ್ಲಿ ನಿಂತ ನೀರಿನಲ್ಲಿ ಮಾತ್ರ ಮಗುವನ್ನು ನಡೆಸಬೇಡಿ. ಚರಂಡಿ ನೀರು ಬೆರೆತಿರುತ್ತದೆ, ಕೆಳಗೆ ಗುಂಡಿ ಇದ್ದರೂ ಕಾಣುವುದಿಲ್ಲ.

ಮಣ್ಣಲ್ಲಿ ಬರಿಗಾಲಲ್ಲಿ ಆಡಿಸ್ತೀರಾ? ಹುಳ ಆಗಲ್ವಾ?

ಪಾರ್ಕಿನಲ್ಲಿ ಬರಿಗಾಲು ಇಲ್ಲ. ಗಾಜು, ಮುಳ್ಳು ಒಂದು ಕಾರಣ. ಇನ್ನೊಂದು ಕೊಕ್ಕೆಹುಳ. ಮಲ ಬಿದ್ದ ಒದ್ದೆ ಮಣ್ಣಿನಲ್ಲಿ ಇದರ ಮರಿಗಳು ಇರುತ್ತವೆ, ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತವೆ. ಆಮೇಲೆ ಕರುಳಿಗೆ ಸೇರಿ ರಕ್ತ ಹೀರುತ್ತವೆ, ಮಗುವಿಗೆ ರಕ್ತಹೀನತೆ ಬರುತ್ತದೆ. ನಾಯಿ, ಬೆಕ್ಕಿನ ಕೊಕ್ಕೆಹುಳ ಮನುಷ್ಯರ ಚರ್ಮದಲ್ಲೇ ಸಿಕ್ಕಿಕೊಂಡು ಹಾವಿನಂತೆ ಅಂಕುಡೊಂಕು ಕೆಂಪು ಗೆರೆ ಮೂಡಿಸುತ್ತದೆ, ವಿಪರೀತ ನವೆ. ನಮ್ಮ ಅಂಗಳದ ಮರಳಿನ ತೊಟ್ಟಿಯಲ್ಲಿ ಬರಿಗಾಲು ಸರಿ. ಬೆಕ್ಕು ಬಂದು ಗಲೀಜು ಮಾಡದಂತೆ ಆಟ ಮುಗಿದ ಕೂಡಲೇ ಅದನ್ನು ಮುಚ್ಚಿಡುತ್ತೇವೆ.

ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಉಚಿತವಾಗಿ ಕೊಡುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕಲಸಿ. ಎರಡು ದಾಟಿದವರಿಗೆ 400 ಮಿಲಿಗ್ರಾಮಿನ ಒಂದು. ಡೇಕೇರ್ ಮಕ್ಕಳು ಶಾಲೆಗೂ ಸೇರದೆ ಅಂಗನವಾಡಿಗೂ ಸೇರದೆ ಈ ಪಟ್ಟಿಯಿಂದ ಹೊರಗೆ ಉಳಿಯುತ್ತಾರೆ. ಹತ್ತಿರದ ಅಂಗನವಾಡಿಯಲ್ಲಿ ಅಥವಾ ನಿಮ್ಮ ಡಾಕ್ಟರ ಹತ್ತಿರ ಕೇಳಿ. ನಾವು ಮಾತ್ರೆ ಕೊಡುವುದಿಲ್ಲ.

ಗೆಜ್ಜೆ, ಕಪ್ಪು ದಾರ ಇರಲಾ?

ಗೆಜ್ಜೆ ಬೇಡ. ನಿಮ್ಮ ಮಗು ನುಂಗದೇ ಇರಬಹುದು. ಪಕ್ಕದಲ್ಲಿ ಅಂಬೆಗಾಲಿಡುವ ಕೂಸು ಉದುರಿದ ಗೆಜ್ಜೆಯನ್ನು ಮೊದಲು ಹುಡುಕಿ ಬಾಯಿಗಿಡುತ್ತದೆ. ಬೆಳ್ಳಿ ಕಳೆದುಹೋದರೆ ಆಮೇಲೆ ನಮಗೂ ನಿಮಗೂ ಮುಜುಗರ. ಗೆಜ್ಜೆ ಇಲ್ಲದ ಸಾದಾ, ನುಣುಪಾದ ಕಾಲಿನ ಬಳೆ ಇದ್ದರೆ ಪರವಾಗಿಲ್ಲ.

ಕಪ್ಪು ದಾರ ದೃಷ್ಟಿಗೆ ಕಟ್ಟಿದ್ದು, ಬಿಚ್ಚಿ ಅಂತ ಹೇಳುವುದಿಲ್ಲ. ಎರಡು ಮಾತು ಮಾತ್ರ. ದಾರದ ಕೆಳಗೆ ನಿಮ್ಮ ಒಂದು ಬೆರಳು ಸಲೀಸಾಗಿ ಹೋಗಬೇಕು. ಒದ್ದೆಯಾದ ದಾರ ದಿನವಿಡೀ ಚರ್ಮಕ್ಕೆ ಅಂಟಿರುತ್ತದೆ, ತಿಂಗಳಿಗೊಮ್ಮೆಯಾದರೂ ಹೊಸದು ಕಟ್ಟಿ. ಮಗು ದಪ್ಪವಾದಂತೆ ದಾರ ಬಿಗಿಯಾಗುತ್ತದೆ ಅನ್ನುವುದನ್ನು ಮನೆಯವರು ಮರೆಯುತ್ತಾರೆ.

ಮಗು ಸುಮ್ನೆ ಅಳುತ್ತೆ, ಸಾಕ್ಸ್ ಯಾಕೆ ತಿರುಗಿಸಿ ನೋಡ್ತೀರಿ?

ಕೂದಲಿಗೆ. ಅಮ್ಮನ ಉದ್ದ ಕೂದಲು ಅಥವಾ ಸಾಕ್ಸ್‌ನ ಒಳಗಿನ ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿಯುವುದುಂಟು. ಬೆರಳು ಊದಿ ಕೆಂಪಾಗುತ್ತದೆ, ಕೂದಲು ಕಣ್ಣಿಗೆ ಕಾಣದಷ್ಟು ಒಳಗೆ ಹೂತಿರುತ್ತದೆ. ತಡವಾದರೆ ಬೆರಳಿಗೇ ಅಪಾಯ. ಕಾರಣ ಗೊತ್ತಾಗದೆ ಅಳುವ ಕೂಸಿನ ಸಾಕ್ಸ್ ಬಿಚ್ಚಿ ಹತ್ತೂ ಬೆರಳು ನೋಡುವುದು ಅದಕ್ಕೇ. ಸುಲಭವಾಗಿ ಬಿಡಿಸಲು ಬರದಿದ್ದರೆ ಕೂಡಲೇ ಆಸ್ಪತ್ರೆಗೆ, ಜೊತೆಗೆ ನಿಮಗೆ ಫೋನ್.

ಉಗುರು ಯಾರು ತೆಗೆಯಬೇಕು?

ನೀವೇ. ಸ್ನಾನದ ನಂತರ ಉಗುರು ಮೆತ್ತಗಿರುತ್ತದೆ, ನೇರವಾಗಿ ಕತ್ತರಿಸಿ. ಮೂಲೆಯಲ್ಲಿ ಆಳಕ್ಕೆ ತೆಗೆದರೆ ಮಾಂಸದೊಳಗೆ ಬೆಳೆದು ಕೀವಾಗುತ್ತದೆ. ಮಂಗಳವಾರ, ಶುಕ್ರವಾರ ತೆಗೆಯಬಾರದು, ದೀಪ ಹಚ್ಚಿದ ಮೇಲೆ ತೆಗೆಯಬಾರದು ಅನ್ನುವ ಮನೆಗಳಿಗೆ ಭಾನುವಾರ ಬೆಳಿಗ್ಗೆ ಇದ್ದೇ ಇದೆ.

ಅಂಗಾಲಲ್ಲಿ ಗುಳ್ಳೆ ಎದ್ದಿದೆ. ಕಳಿಸಬಹುದಾ?

ಅಂಗಾಲು, ಅಂಗೈ, ಬಾಯಿ ಮೂರೂ ಕಡೆ ಗುಳ್ಳೆ ಇದ್ದು ಜ್ವರ ಬಂದಿದ್ದರೆ ಕೈ-ಕಾಲು-ಬಾಯಿ ರೋಗ ಇರಬಹುದು. ಕಳಿಸಬೇಡಿ. 2022ರಲ್ಲಿ ಕೇರಳದಿಂದ 'ಟೊಮೆಟೊ ಜ್ವರ' ಅಂತ ಸುದ್ದಿಯಾಗಿ ಎಲ್ಲರೂ ಹೆದರಿದ್ದು ನೆನಪಿರಬಹುದು, ಅದೂ ಇದರದೇ ಒಂದು ರೂಪ ಅಂತ ವೈದ್ಯರು ಹೇಳಿದರು. ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ. ಜ್ವರ ಬಿಟ್ಟು, ಗುಳ್ಳೆ ಒಣಗಿದ ಮೇಲೆ ಬರಲಿ. ವಾಸಿಯಾದರೂ ಕೆಲವು ವಾರ ಮಲದಲ್ಲಿ ವೈರಸ್ ಇರುತ್ತದೆ, ಕಕ್ಕಸಿನ ನಂತರ ಕೈ ತೊಳೆಯುವುದನ್ನು ಬಿಡಬೇಡಿ.

ರಾತ್ರಿ ಜಾಸ್ತಿಯಾಗುವ ನವೆ, ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ ಇದ್ದರೆ ಕಜ್ಜಿ ಇರಬಹುದು. ಅದಕ್ಕೆ ಮಗುವಿನ ಜೊತೆ ಮನೆಯವರೆಲ್ಲ ಔಷಧಿ ಹಚ್ಚಿಕೊಳ್ಳಬೇಕು, ಇಲ್ಲವಾದರೆ ಮತ್ತೆ ಬರುತ್ತದೆ. ಬೆರಳ ಸಂದಿಯ ಫಂಗಸ್‌ಗೆ ಔಷಧಿ ಶುರುವಾಗಿದ್ದರೆ ಕಳಿಸಬಹುದು, ಬೇರೆ ಟವೆಲ್ ಇಡುತ್ತೇವೆ. ಕೆಂಪಗಿದೆ ಅಂತ ಮನೆಯಲ್ಲಿರುವ ಹಳೆಯ ಸ್ಟೀರಾಯ್ಡ್ ಕ್ರೀಮ್ ಹಚ್ಚಬೇಡಿ. ಫಂಗಸ್ ಮೇಲ್ನೋಟಕ್ಕೆ ಅಡಗಿ ಒಳಗೊಳಗೇ ಹರಡುತ್ತದೆ.

ದೊಡ್ಡವರೂ ಚಪ್ಪಲಿ ಹೊರಗೇ ಬಿಡಬೇಕಾ?

ಖಂಡಿತ. ಎರಡು ನಿಮಿಷಕ್ಕೆ ಬಂದು ಹೋಗುವವರೂ ಸಹ. ಅದೇ ನೆಲದಲ್ಲಿ ಕೂಸು ಅಂಬೆಗಾಲಿಟ್ಟು ಕೈ ಚೀಪುತ್ತದೆ. ಬಣ್ಣ ಕೆರೆಯುವ ಅಥವಾ ಬ್ಯಾಟರಿ ರಿಪೇರಿ ಮಾಡುವ ಕೆಲಸದವರು ಇನ್ನೂ ಎಚ್ಚರ ಇರಬೇಕು, ಅಲ್ಲಿನ ಧೂಳಿನಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಗೋಡೆ ಕೆರೆದಾಗ ಏಳುವ ಧೂಳು ಶೂ ಜೊತೆ ಮನೆಗೆ ಬರುತ್ತದೆ. ಸೀಸ ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳ ಮಿದುಳಿಗೆ ಕೆಟ್ಟದ್ದು.

ಚಪ್ಪಲಿ ಸ್ಟ್ಯಾಂಡ್ ವಾಸನೆ ಬರಲ್ವಾ? ನುಸಿಗುಳಿಗೆ ಇಡ್ತೀರಾ?

ನುಸಿಗುಳಿಗೆ ಇಡುವುದಿಲ್ಲ. ಪೆಪ್ಪರಮಿಂಟಿನಂತೆ ಕಾಣುತ್ತದೆ, ಮಕ್ಕಳು ಬಾಯಿಗೆ ಹಾಕುತ್ತಾರೆ. ಜಿ6ಪಿಡಿ ಕೊರತೆ (ಹುಟ್ಟಿನಿಂದಲೇ ಬರುವ ಒಂದು ಕಿಣ್ವದ ಕೊರತೆ) ಇರುವ ಮಕ್ಕಳಿಗೆ ಎಷ್ಟೋ ನುಸಿಗುಳಿಗೆಗಳಲ್ಲಿರುವ ನ್ಯಾಫ್ತಲೀನ್ ತಗುಲಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಸ್ಟ್ಯಾಂಡ್‌ಗೆ ಬಾಗಿಲಿಲ್ಲ, ಗಾಳಿಯಾಡುತ್ತದೆ, ವಾರಕ್ಕೊಮ್ಮೆ ಬಿಸಿಲಿಗೆ ಇಡುತ್ತೇವೆ, ಅಷ್ಟು ಸಾಕು. ಅದು ಹೊರಗಿರುವುದರಿಂದ ಹಾಕುವ ಮುಂಚೆ ಪ್ರತಿ ಶೂವನ್ನೂ ತಲೆಕೆಳಗು ಮಾಡಿ ಕುಟ್ಟುತ್ತೇವೆ. ಜಿರಳೆ ಹೆಚ್ಚು, ಚೇಳು, ಹಾವಿನ ಮರಿಯೂ ಇರಬಹುದು. ಖಾಲಿ ಸೈಟುಗಳ ಪಕ್ಕದಲ್ಲಿ ಮನೆ ಇರುವವರು ನಿಮ್ಮಲ್ಲೂ ಇದನ್ನು ಅಭ್ಯಾಸ ಮಾಡಿಕೊಳ್ಳಿ.

ಎಡ-ಬಲ ಅದಲು ಬದಲು ಹಾಕಿಕೊಳ್ತಾಳೆ. ತಿದ್ದಬೇಕಾ?

ಎರಡು-ಮೂರು ವರ್ಷಕ್ಕೆ ಬಿಚ್ಚುವುದು ಬರುತ್ತದೆ, ಹಾಕುವುದು ಆಮೇಲೆ. ಎಡ-ಬಲ ಗೊತ್ತಾಗುವುದು ಇನ್ನೂ ತಡ. ಒಂದು ಸ್ಟಿಕ್ಕರನ್ನು ನಡುವೆ ಕತ್ತರಿಸಿ ಎರಡೂ ಶೂ ಒಳಗೆ ಅರ್ಧರ್ಧ ಅಂಟಿಸಿ. ಚಿತ್ರ ಕೂಡಿದರೆ ಸರಿಯಾಗಿ ಇಟ್ಟ ಹಾಗೆ. ಚಿಟ್ಟೆ, ಆನೆ, ಆಟೋ ಯಾವುದಾದರೂ ಆಗುತ್ತದೆ. ನಮ್ಮಲ್ಲಿ ಆಟೋ ಚೆನ್ನಾಗಿ ಓಡುತ್ತಿದೆ. ಹೊರಡುವ ಆತುರದಲ್ಲಿ ನೀವೇ ಹಾಕಿಬಿಡಬೇಡಿ, ಐದು ನಿಮಿಷ ಮುಂಚೆ ಶುರುಮಾಡಿ.

ಬೇರೆ ಮಗುವಿನ ಚಪ್ಪಲಿ ಮನೆಗೆ ಬಂದುಬಿಟ್ಟಿದೆ!

ಒಂದೇ ಅಂಗಡಿಯ, ಒಂದೇ ಬಣ್ಣದ ಸ್ಯಾಂಡಲ್ ನಾಲ್ಕು ಜೊತೆ ಇದ್ದಾಗ ಹೀಗಾಗುತ್ತದೆ. ಹಾಕಿಸುವ ಮುಂಚೆ ಗಮನಕ್ಕೆ ಬಂದರೆ ಒಳ್ಳೆಯದು. ಬರದಿದ್ದರೂ ದೊಡ್ಡ ವಿಷಯವಲ್ಲ, ಒರೆಸಿ ಬಿಸಿಲಲ್ಲಿಟ್ಟು ಮರುದಿನ ತನ್ನಿ. ಪಟ್ಟಿಯ ಒಳಬದಿಯಲ್ಲಿ ಅಳಿಸದ ಮಾರ್ಕರ್‌ನಿಂದ ಮಗುವಿನ ಹೆಸರು ಬರೆಯಿರಿ. ಅಟ್ಟೆ ಮೇಲೆ ಬರೆದರೆ ವಾರದೊಳಗೆ ಅಳಿಸಿಹೋಗುತ್ತದೆ.